ಒಳಗೆ ಬಿಟ್ಟ ಬಟ್ಟೆ

ನಾನು ಒಂದು ಅಳತೆ ರವಿಕೆ. ಹಾಗೆಂದರೇನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕೇನೋ. ಮೈಗೆ ಚೆನ್ನಾಗಿ ಕೂತ ಒಂದು ಹಳೆಯ ರವಿಕೆಯನ್ನು ಹೆಂಗಸರು ದರ್ಜಿಯ ಮುಂದಿಟ್ಟು, "ಇದರ ಹಂಗೇ ಹೊಲೀರಿ" ಅನ್ನುತ್ತಾರಲ್ಲ, ಆ ರವಿಕೆ ನಾನು. ನನ್ನನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಆದರೆ ನಾನಿಲ್ಲದೆ ಇನ್ನೊಂದು ರವಿಕೆ ಹುಟ್ಟುವುದಿಲ್ಲ. ಅದರ ಜಂಬ ನನಗೆ ತುಸು ಜಾಸ್ತಿಯೇ ಇತ್ತು, ಇಲ್ಲ ಅನ್ನುವುದಿಲ್ಲ.

ನಾನು ಹುಟ್ಟಿದ್ದು ಚಿಂತಾಮಣಿಯಲ್ಲಿ, ಬಾಬಾಜಾನ್ ಸಾಬರ ಅಂಗಡಿಯಲ್ಲಿ. ನೇರಳೆ ಬಣ್ಣದ ಕಾಟನ್ನು. ಕತ್ತರಿಸಿ ಮಿಷನ್ನಿನಲ್ಲಿ ಹೊಲಿದವರು ಸಾಬರು. ಹುಕ್ಕು, ಕಾಜಾ, ಅಂಚಿನ ಕೈಹೊಲಿಗೆ ಮಾತ್ರ ಮುನಿರತ್ನಮ್ಮನದು. ಗಂಡ ತೀರಿಕೊಂಡ ಮೇಲೆ ಅವಳು ಅಂಗಡಿಯ ಕೈಹೊಲಿಗೆಯನ್ನೆಲ್ಲ ಮನೆಗೆ ತಂದು ಮಾಡುತ್ತಿದ್ದಳು. ನಾನು ಗಿರಾಕಿಯ ರವಿಕೆಯಲ್ಲ, ಅವಳ ಮಗಳು ಭುವನಳದು. ಹತ್ತನೇ ಕ್ಲಾಸಿನ ಬೀಳ್ಕೊಡುಗೆಗೆ ಹುಡುಗಿ ಮೊದಲ ಸಲ ಸೀರೆ ಉಡುವವಳಿದ್ದಳು. ನನ್ನನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಎಲ್ಲೂ ಒಂದು ಸುಕ್ಕಿಲ್ಲ, ಎಳೆತವಿಲ್ಲ. ಮುನಿರತ್ನಮ್ಮ ಮಗಳ ಬೆನ್ನ ಮೇಲೆ ಕೈಯಾಡಿಸಿ, "ಮೈಗೇ ಹುಯ್ದಂಗೈತೆ ಕಣೇ" ಅಂದಳು.

ಅದೇ ವರ್ಷ ಅವಳು ಮನೆಗೆಲಸಕ್ಕೆಂದು ಕುವೈತಿಗೆ ಹೊರಟಳು. ಮಗಳನ್ನು ತನ್ನ ಅಕ್ಕ ಪಿಳ್ಳಮ್ಮನ ಮನೆಯಲ್ಲಿ ಬಿಟ್ಟಳು. ಬ್ಯಾಗಿನಲ್ಲಿ ನನ್ನನ್ನು ಕಂಡು ಪಿಳ್ಳಮ್ಮ ಬೆರಗಾದಳು.

"ಹುಡುಗಿ ರವಿಕೆ ನಿಂಗ್ಯಾಕೇ?"

"ಅಳತೆಗೆ ಅಕ್ಕಾ. ಅಲ್ಲಿಂದ ಹೊಲಿದು ಕಳಿಸ್ತೀನಿ."

ಹೇಳಿದಂತೆ ಕಳಿಸಿದಳು ಕೂಡ. ಅವಳ ಮೇಡಂ ಮನೆಯ ಉಗ್ರಾಣದಲ್ಲಿ ಒಂದು ಹೊಲಿಗೆ ಮಿಷನ್ನಿತ್ತು. ಮನೆಯ ಪರದೆ, ದಿಂಬಿನ ಚೀಲ ಹೊಲಿದುಕೊಟ್ಟ ಮೇಲೆ ಅದನ್ನು ಮುಟ್ಟಲು ಅಪ್ಪಣೆ ಸಿಕ್ಕಿತು. ವರ್ಷಕ್ಕೊಂದು ಸಲ ನನ್ನನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದು, ಒಂದು ರವಿಕೆ ಹೊಲಿದು ಊರಿಗೆ ಹೋಗುವವರ ಕೈಲಿ ಕಳಿಸುವಳು. ಆಮೇಲೆ ಫೋನಿನಲ್ಲಿ ಒಂದೇ ಪ್ರಶ್ನೆ.

"ಅಳತೆ ಸರೀಗೈತಾ ಮಗಾ?"

"ಸರೀಗೈತಮ್ಮಾ. ಮೈಗೇ ಹುಯ್ದಂಗೈತೆ."

ಆ ಮಾತು ಕೇಳಿ ನಾನು ಬೀಗುತ್ತಿದ್ದೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಹದಿನಾರರ ಹುಡುಗಿ ಹದಿನಾರರಲ್ಲೇ ನಿಲ್ಲುತ್ತಾಳೆಯೇ? ಎರಡನೆಯ ವರ್ಷದಿಂದಲೇ ಒಂದೂ ಅವಳಿಗೆ ಆಗುತ್ತಿರಲಿಲ್ಲವಂತೆ. ಎಲ್ಲವನ್ನೂ ಪಿಳ್ಳಮ್ಮನ ಮಗಳು ಹಾಕಿ ಹರಿದಳಂತೆ. ಅಮ್ಮ ನೊಂದುಕೊಂಡಾಳೆಂದು ಭುವನ ಬಾಯಿಬಿಟ್ಟಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಫೋನಿನಲ್ಲಿ ಮುಖ ಕಾಣುತ್ತದೆ, ಸುತ್ತಳತೆ ಕಾಣುವುದಿಲ್ಲ. ರಜೆಗೆ ಊರಿಗೆ ಹೋಗಿದ್ದರೆ ಕಾಣುತ್ತಿತ್ತು. ಒಂದು ಸಲ ಕೊರೋನಾ ಬಂದು ವಿಮಾನವೇ ನಿಂತುಹೋಗಿತ್ತು. ಇನ್ನೊಂದು ಸಲ ಮೇಡಂ ಮಗಳ ಬಾಣಂತನ ಬಂತು. ಹೀಗೆ ಆರು ವರ್ಷ ಕಳೆಯಿತು.

ಆಮೇಲೆ ಭುವನಳಿಗೆ ಗಂಡು ಗೊತ್ತಾಯಿತು. ಕೋಲಾರದ ಹುಡುಗ, ಬಸ್ ಕಂಡಕ್ಟರು. ಆಷಾಢ ಬರುವ ಮುಂಚೆ ಮುಗಿಸಿಬಿಡಿ ಅಂದರು ಅವನ ಕಡೆಯವರು. ಅಲ್ಲಿಂದ ಇಡೀ ಮದುವೆ ಕುವೈತಿನ ಅಡುಗೆಮನೆಯಿಂದ ನಡೆಯಿತು ನೋಡಿ! ಪಾತ್ರೆ ಉಜ್ಜುತ್ತಲೇ ಛತ್ರ ಹಿಡಿಸಿದಳು. ಬಟ್ಟೆ ಇಸ್ತ್ರಿ ಮಾಡುತ್ತಲೇ ಅಡುಗೆ ಭಟ್ಟನ ಜೊತೆ ಜಗಳಕ್ಕಿಳಿದಳು. "ಒಬ್ಬಟ್ಟಿನ ಸಾರು ನೀರು ನೀರಾಗಿದ್ರೆ ಅಲ್ಲೀಗಂಟ ಬಂದು ಬೈತೀನಿ" ಅನ್ನುವಳು. ಜೊತೆಯಲ್ಲಿ ಅಡುಗೆ ಮಾಡುತ್ತಿದ್ದ ಕಡಪದ ಮಂಗಮ್ಮ ಬಿದ್ದು ಬಿದ್ದು ನಗುವಳು. ಅಷ್ಟು ಹುರುಪಿನಲ್ಲಿ ಮುನಿರತ್ನಮ್ಮನನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಧಾರೆ ಸೀರೆಯನ್ನೂ ಫೋನಿನಲ್ಲೇ ಆರಿಸಿದಳು. ಗಿಳಿಹಸಿರು ಮೈ, ಕುಂಕುಮದ ಅಂಚು. ಸೀರೆಯ ತುದಿಯ ರವಿಕೆ ಬಟ್ಟೆಯನ್ನು ಕತ್ತರಿಸಿ ಕುವೈತಿಗೆ ಬರುವವರ ಕೈಲಿ ಕೊಟ್ಟು ಕಳಿಸು ಅಂದಾಗ ಪಿಳ್ಳಮ್ಮ ರೇಗಿದಳು.

"ಹುಚ್ಚಾ ನಿಂಗೆ? ಇಲ್ಲಿ ಬಾಬಾಜಾನ್ ಸಾಬರಿಲ್ವಾ? ಆ ಬಟ್ಟೆ ಸಮುದ್ರ ದಾಟಿ ಹೋಗಿ ಬರ್ಬೇಕಾ?"

"ಅಕ್ಕಾ, ಮುಂಡೆ ನಾನು. ಧಾರೆಗೆ ನೀನೂ ಭಾವನೂ ಕೂತ್ಕೋತೀರಾ. ನಾನು ಬಂದ್ರೂ ಹಿಂದೆ ಗೋಡೆಗೆ ಒರಗಿ ನಿಂತ್ಕೋಬೇಕು. ಅವಳ ಮೈಮೇಲೆ ರವಿಕೆಯಾದ್ರೂ ನಂದಿರಲಿ."

ಪಿಳ್ಳಮ್ಮ ಬಟ್ಟೆ ಕತ್ತರಿಸಿ ಕಳಿಸಿದಳು.

ಬಟ್ಟೆ ಬಂದ ದಿನ ಮಂಗಮ್ಮ ತನ್ನ ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು, ಒಂದು ಸಲ ಟೇಪು ಹಿಡಿದು ಹೊಸ ಅಳತೆ ತರಿಸಿಕೊಳ್ಳಬಾರದೇ ಅಂತ. ಮುನಿರತ್ನಮ್ಮ ಸಿಡುಕಿದಳು: "ಹೆತ್ತೋಳಿಗೆ ಅಳತೆ ಗೊತ್ತಿಲ್ವಾ?" ಆದರೆ ಉಗ್ರಾಣದಲ್ಲಿ ನನ್ನನ್ನು ಆ ಹಸಿರು ರೇಷ್ಮೆಯ ಮೇಲೆ ಹರಡಿದ ಮೇಲೆ ಅವಳ ಕೈ ಕತ್ತರಿಗೆ ಹೋಗಲೇ ಇಲ್ಲ. ನನ್ನನ್ನೇ ನೋಡುತ್ತಾ ಕೂತಳು. ಗೆರೆಯನ್ನು ನನ್ನ ಅಂಚಿಗೇ ಎಳೆದಳು. ಕತ್ತರಿಯನ್ನು ಮಾತ್ರ ಗೆರೆಯಿಂದ ಮೂರು ಬೆರಳು ಆಚೆಗೆ ಹಾಯಿಸಿದಳು. ಎರಡು ಪಕ್ಕದಲ್ಲೂ ಅಷ್ಟಷ್ಟು ಬಟ್ಟೆಯನ್ನು ಒಳಕ್ಕೆ ಮಡಿಚಿ, ಅಂದ ಕೆಡಬಾರದೆಂದು ಲೈನಿಂಗಿನ ಒಳಗೆ ಮುಚ್ಚಿ ಹೊಲಿದಳು. ಬಿಗಿಯಾದರೆ ಒಂದು ಹೊಲಿಗೆ ಬಿಚ್ಚಿದರೆ ಸಾಕು, ಹಿಗ್ಗುತ್ತದೆ. ಆದರೆ ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳ ಅಳತೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತಲ್ಲವೇ? ನನಗಂತೂ ಬಾಯಿಲ್ಲ.

ರವಿಕೆ ಊರಿಗೆ ಹೋಯಿತು. ಅವಳಿಗೂ ರಜೆ ಕೊಡುತ್ತೇನೆಂದು ಮೇಡಂ ಮಾತು ಕೊಟ್ಟಿದ್ದರು. ಪಾಸ್‌ಪೋರ್ಟು ಅವರ ಬೀರುವಿನಲ್ಲೇ ಇತ್ತು. ಹೊರಡುವ ವಾರ ಬಂದಾಗ, ಮನೆಗೆ ನೆಂಟರು ಬರುತ್ತಾರೆ, ಮುಂದಿನ ತಿಂಗಳು ಹೋಗು ಅಂದರು. ಮುನಿರತ್ನಮ್ಮ ಅವರ ಕಾಲು ಹಿಡಿದಳು. ಮೇಡಂ ಕೆಟ್ಟವರೇನಲ್ಲ, ಅವಳನ್ನು ಎಬ್ಬಿಸಿ ಕೂರಿಸಿ, ಮದುವಣಗಿತ್ತಿಗೆಂದು ಒಂದು ಸೆಂಟಿನ ಬಾಟಲಿ ಕೊಟ್ಟರು. ಬೀರುವಿನ ಬಾಗಿಲು ಮಾತ್ರ ತೆಗೆಯಲಿಲ್ಲ.

ಮದುವೆಯ ದಿನ ಅವಳು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ನಿಂತಿದ್ದಳು. ಕೆಲಸದ ಕೋಟಿನ ಒಳಗೆ, ಎದೆಯ ಹತ್ತಿರ, ನನ್ನನ್ನು ಮಡಿಚಿ ಇಟ್ಟುಕೊಂಡಿದ್ದಳು. ಗಟ್ಟಿಮೇಳ ಕೇಳಿಸಿತು, ತಾಳಿ ಬಿತ್ತು. ಅವಳು ಒಲೆಯ ಕಟ್ಟೆಯ ಮೇಲೆಯೇ ಅಕ್ಷತೆ ಚೆಲ್ಲಿದಳು. ಸ್ವಲ್ಪ ಹೊತ್ತಿಗೆ ಭುವನ ಫೋನಿನ ಮುಂದೆ ಬಂದಳು. ಜೂನ್ ತಿಂಗಳ ಸೆಕೆ. ಆದರೂ ಹುಡುಗಿ ಸೆರಗನ್ನು ಎರಡೂ ಭುಜ ಮುಚ್ಚುವಂತೆ ಹೊದ್ದಿದ್ದಳು.

"ಅಳತೆ ಸರೀಗೈತಾ ಮಗಾ?"

"ಸರೀಗೈತಮ್ಮಾ. ನೀನು ಹೊಲಿದಿದ್ದೇ ಹಾಕ್ಕೊಂಡಿರೋದು."

ಕಣ್ಣೊರೆಸಿಕೊಳ್ಳಲು ಭುವನ ಕೈಯೆತ್ತಿದಳು. ಸೆರಗು ಜಾರಿತು. ಮೊಣಕೈಯ ಹತ್ತಿರ ಅಂಗಡಿಯ ಬಂಗಾರದ ಬಣ್ಣದ ರೆಡಿಮೇಡ್ ತೋಳು ಕಂಡಿತು. ಕೋಟಿನ ಮೇಲಿಂದಲೇ ಮುನಿರತ್ನಮ್ಮನ ಕೈ ನನ್ನನ್ನು ಅದುಮಿತು.

"ಗೊತ್ತಾಗ್ತೈತೆ ಕಣೇ" ಅಂದಳು. "ಬೋ ಚೆಂದಾಗಿ ಕಾಣ್ತಿದೀಯ."

ಮುಂದಿನ ತಿಂಗಳಿನ ರಜೆಯೂ ಬರಲಿಲ್ಲ. ಮರುವರ್ಷ ಅವಳ ಮುಖ, ಕಾಲು ಊದಿಕೊಂಡವು. ಕಿಡ್ನಿ ಎರಡೂ ಹೋಗಿವೆ ಅಂದರು ಆಸ್ಪತ್ರೆಯವರು. ಕೆಲಸಕ್ಕೆ ಬಾರದವಳಾದ ಮೇಲೆ ಪಾಸ್‌ಪೋರ್ಟು ತಾನಾಗಿಯೇ ಹೊರಗೆ ಬಂತು.

ಪಿಳ್ಳಮ್ಮನ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸಿದರು. ಕೋಲಾರದಿಂದ ಭುವನ ಓಡಿಬಂದಳು. ಬ್ಯಾಗು ಬಿಚ್ಚುವಾಗ ನಾನು ಅವಳ ಕೈಗೆ ಸಿಕ್ಕೆ. ಎದೆಗೆ ಹಿಡಿದು ನಕ್ಕುಬಿಟ್ಟಳು, "ಅಯ್ಯೋ, ಇಷ್ಟೇ ಇದ್ನಾ ನಾನು?" ಎಂದು. ತಾಯಿ ನಗಲಿಲ್ಲ.

"ಧಾರೆ ರವಿಕೆ ತಗೊಂಬಾ" ಅಂದಳು.

ಭುವನಳ ಮುಖ ಇಳಿದುಹೋಯಿತು. ಮದುವೆಯಾದ ಮೇಲೆ ಇಲ್ಲೇ ಬಿಟ್ಟುಹೋಗಿದ್ದ ಪೆಟ್ಟಿಗೆಯಿಂದ ತಂದು ಕೊಟ್ಟಳು. ಮುನಿರತ್ನಮ್ಮ ಅದನ್ನು ಒಳಮಗ್ಗುಲಾಗಿ ತಿರುಗಿಸಿ, ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಎಳೆಯೂ ಕದಲಿರಲಿಲ್ಲ. ಬ್ಲೇಡು ಕೇಳಿ ಲೈನಿಂಗನ್ನು ಸೀಳಿ, ಮಡಿಚಿಟ್ಟ ಬಟ್ಟೆಯನ್ನು ಹೊರಕ್ಕೆಳೆದಳು. ಮೂರು ಬೆರಳಗಲ ಹಸಿರು, ಇನ್ನೂ ಹೊಸದು.

"ಬಿಚ್ಚಿದ್ರೆ ಸಾಕಾಗಿತ್ತಲ್ಲೇ."

ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮ ಬಾಯಿಗೆ ಸೆರಗು ಹಿಡಿದಳು. ಮುಹೂರ್ತದ ಹಿಂದಿನ ದಿನ ಭುವನಳಿಗೆ ಹಾಕಿಸಿ ನೋಡಿ, ಹುಕ್ಕು ಸೇರದೆ, ಗಾಬರಿಯಲ್ಲಿ ಅಂಗಡಿಗೆ ಓಡಿದವಳು ಅವಳೇ.

"ಒಳಗೆ ಬಟ್ಟೆ ಬಿಟ್ಟಿದ್ದೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತೇನಮ್ಮಾ?" ಅಂದಳು ಭುವನ.

"ಬಿಗಿಯಾಗ್ತೈತೆ ಅಂತ ನೀನೊಂದು ಮಾತು ಹೇಳ್ಬಾರ್ದಿತ್ತಾ?"

"ನೀನು ನೊಂದ್ಕೋತೀಯ ಅಂತ…"

"ಮಗಳ ಅಳತೆ ಮರೆತೋಳು ಅಂತೀಯೇನೋ ಅಂತ ನಾನೂ."

ಇಬ್ಬರೂ ಗೊಳೋ ಎಂದು ಅತ್ತರು. ಅತ್ತು ಮುಗಿದ ಮೇಲೆ ತಾಯಿ ಮಗಳನ್ನು ಹತ್ತಿರ ಎಳೆದುಕೊಂಡು, ಕಂಕುಳಿಂದ ಸೊಂಟದವರೆಗೆ ಕೈಯಲ್ಲೇ ಅಳೆದಳು. ಟೇಪು ಬೇಡವೆಂದಳು, ನನ್ನನ್ನೂ ಪಕ್ಕಕ್ಕೆ ಸರಿಸಿದಳು. ಊದಿದ ಬೆರಳುಗಳಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ. ಆದರೂ ಬೇರೆಯವರಿಗೆ ಕೊಡಲಿಲ್ಲ. ಬಲಪಕ್ಕ ಬಿಚ್ಚಿ, ಹಿಗ್ಗಿಸಿ, ಸಂಜೆಯ ಹೊತ್ತಿಗೆ ಹೊಲಿದು ಮುಗಿಸಿದಳು.

"ಎಡಗಡೇದು ನಾಳೆ ನೋಡಾನ."

ಬೆಳಗ್ಗೆ ಅವಳಿಗೆ ಉಸಿರು ಹತ್ತಲಿಲ್ಲ. ಆಸ್ಪತ್ರೆಗೆ ಹೋದವಳು ಜೀವಂತವಾಗಿ ತಿರುಗಿ ಬರಲಿಲ್ಲ.

ಬಾಬಾಜಾನ್ ಸಾಬರು ತಾವೇ ಮನೆಗೆ ಬಂದು, "ಕೊಡಮ್ಮಾ, ಆ ಪಕ್ಕಾನೂ ಹೊಲಿದುಕೊಡ್ತೀನಿ" ಅಂದರು. ಭುವನ ಕೊಡಲಿಲ್ಲ. ಈಗ ನಾವಿಬ್ಬರೂ ಕೋಲಾರದ ಅವಳ ಮನೆಯ ಪೆಟ್ಟಿಗೆಯಲ್ಲಿದ್ದೇವೆ, ನಾನು ಕೆಳಗೆ, ಹಸಿರು ರವಿಕೆ ನನ್ನ ಮೇಲೆ. ನನ್ನ ಜಂಬವೆಲ್ಲ ಇಳಿದಿದೆ. ಅಳತೆಯೆಂಬುದು ಇಟ್ಟ ಕಡೆ ಇರುವ ವಸ್ತುವಲ್ಲ, ದಿನಾ ಕೈಯಾಡಿಸಿ ನೋಡಬೇಕಾದದ್ದು ಎಂದು ನನಗೆ ಈಗ ಗೊತ್ತು. ಯಾರೂ ಇಲ್ಲದ ಮಧ್ಯಾಹ್ನ ಭುವನ ಒಮ್ಮೊಮ್ಮೆ ಪೆಟ್ಟಿಗೆ ತೆರೆದು ಆ ರವಿಕೆಯನ್ನು ತೊಟ್ಟು ನೋಡುತ್ತಾಳೆ. ಬಲಗಡೆ ಅವಳ ಈಗಿನ ಅಳತೆ. ಮೈಗೇ ಹುಯ್ದಂತೆ ಕೂರುತ್ತದೆ. ಎಡಗಡೆ ಇನ್ನೂ ನನ್ನದೇ ಅಳತೆ. ಉಸಿರು ಬಿಗಿಹಿಡಿದು ಎಷ್ಟು ಎಳೆದರೂ ಹುಕ್ಕು ಕಾಜಾಕ್ಕೆ ಮುಟ್ಟುವುದಿಲ್ಲ.