ಬಾಗಿಲು ಮುಚ್ಚಿ ಬರೆದ ನವಿಲು

ಕೆಮ್ಮಣ್ಣು ಈ ಡಬ್ಬಿಯಲ್ಲಿ, ಸುಣ್ಣ ಆ ಕುಡಿಕೆಯಲ್ಲಿ, ಬಟ್ಟೆಗೆ ಹಾಕುವ ನೀಲಿಪುಡಿ ಪೊಟ್ಟಣದಲ್ಲಿ, ತುದಿ ಜಜ್ಜಿದ ಈಚಲ ಕಡ್ಡಿ ಒಂದು ಹಿಡಿ, ಇಷ್ಟನ್ನೂ ಕಟ್ಟಿಕೊಂಡು ಹತ್ತರ ಮೋಟಾರಿಗೆ ಹಾನಗಲ್ಲಿಗೆ ಹೊರಟಿದ್ದಾಳಂತೆ ಸವಣೂರಿನ ಮಹಾದೇವಕ್ಕ, ಅಂದರೆ ನಾನೇ, ತವರು ಬಿಟ್ಟರೆ ಮತ್ತೊಂದು ಊರು ಕಾಣದವಳು, ನಗು ಬರುತ್ತದೆ, ಬರಲಿ — ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಸರೋಜಕ್ಕೋರು ಕಾಗದ ಬರೆದಿದ್ದಾರೆ, ಯುದ್ಧ ಶುರುವಾದಾಗಿನಿಂದ ಚಿತ್ರದ ಹಾಳೆ ಸಿಗುವುದಿಲ್ಲ, ಅಂಗಳದ ಗೋಡೆಗಳಿವೆ, ನಲವತ್ತು ಹುಡುಗಿಯರಿದ್ದಾರೆ, ಎಂಟು ದಿನ ಬಂದು ಗೋಡೆಗೆ ಚಿತ್ರ ಬರೆಯುವುದನ್ನು ಕಲಿಸಿರಿ, ಆಮೇಲೆ ಹಿರೇಕೆರೂರಿನವರೂ ಕರೆಯುವವರಿದ್ದಾರೆ, ನಮ್ಮ ಮನೆಯವರಂತೂ ಆ ಕಾಗದವನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ಮೂರು ಸಲ ಓದಿ ಹೇಳಿದ್ದಾರೆ, ತಮಗೇ ಬಂದಂತೆ. ನಲವತ್ತು ಹುಡುಗಿಯರೆಂದರೆ ಎಂಬತ್ತು ಕಣ್ಣು, ಇಲ್ಲಿಯವರೆಗೆ ನಾನು ಬರೆಯುವುದನ್ನು ಒಂದು ಕಣ್ಣೂ ಕಂಡಿಲ್ಲ — ಮದುವೆ ಮನೆಗೆ ಹೋಗುವುದು, ಒಳಗಿನಿಂದ ಅಗುಳಿ ಹಾಕಿಕೊಳ್ಳುವುದು, ಗೋಡೆಯ ತುಂಬ ನವಿಲು ಗಿಳಿ ಮೂಡಿದ ಮೇಲೆ ತೆಗೆಯುವುದು, ಎಂಥ ನೇಮ ನೋಡ್ರಿ ಆಕೀದು, ಬಾಗಲಾ ಹಾಕದ ಕಡ್ಡಿ ಮುಟ್ಟೂದಿಲ್ಲ, ಎಂದು ಊರೇ ಹೊಗಳುತ್ತದೆ, ಇಪ್ಪತ್ತು ವರ್ಷ ಹೊಗಳಿಸಿಕೊಂಡಿದ್ದೇನೆ, ಕಳ್ಳಿ ನಾನು, ನೇಮವಲ್ಲ ಅದು, ಎಡಗೈ. ಅವ್ವ ಬಡಿದು ಬಡಿದು ಉಣ್ಣುವುದನ್ನು ಬಲಗೈಗೆ ತಂದಳು, ಬರೆಯುವುದು ಮಾತ್ರ ಬರಲೇ ಇಲ್ಲ, ಮದುವೆಯ ಗೋಡೆಗೆ ಎಡಗೈ ಹಚ್ಚಿದಳೆಂದು ತಿಳಿದರೆ ಹಾಕಿದ ಹಂದರ ಕಿತ್ತಾರು, ಅಂಗಳದ ಗೋಡೆಗೆ ಎಲ್ಲಿಯ ಅಗುಳಿ, ನಿನ್ನೆ ಹಿತ್ತಲಲ್ಲಿ ಬಲಗೈಯಿಂದ ನವಿಲು ಬರೆದು ನೋಡಿದೆ, ಕೋಳಿಯಾಯಿತು, ಅದೂ ಕಾವಿಗೆ ಕೂತ ಕೋಳಿ, ಬಿದ್ದು ಬಿದ್ದು ನಕ್ಕೆ, ನಕ್ಕ ಮೇಲೆ ಹೆದರಿಕೆಯಾಯಿತು, ಜ್ವರ ಬಂದಿದೆಯೆಂದು ಹೇಳಿ ಕಳಿಸಿಬಿಡಲೇ ಎಂದುಕೊಂಡೆ.

ಅಷ್ಟರಲ್ಲಿ, ಈಗ ಸ್ವಲ್ಪ ಹೊತ್ತಿನ ಮುಂಚೆ, ಅತ್ತೆ ದಾನವ್ವ ರೊಟ್ಟಿಯ ಗಂಟು ತಂದು ಪಕ್ಕದಲ್ಲಿಟ್ಟು ಕೂತಳು, ಹಿತ್ತಲಾಗಿನ ಆ ಕೋಳಿ ಅಳಿಸೇನಿ ಬಿಡವಾ, ಮಂದಿ ನೋಡಿದ್ರ ನಕ್ಕಾರು, ಎಡಗೈಲೆ ಬರೀಬೇಕಿಲ್ಲೇನು — ನನ್ನ ಕೈಯಲ್ಲಿದ್ದ ಕುಡಿಕೆ ಅಲ್ಲೇ ನಿಂತಿತು — ಮದುವಿ ಮನಿಂದ ಬಂದಾಗೆಲ್ಲಾ ನಿನ್ನ ಎಡಗೈ ಉಗುರಾಗ ನೀಲಿ ಇರತೈತಿ, ನನಗೇನು ಕಣ್ಣಿಲ್ಲೇನು. ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ ಅತ್ತಿ, ಅಂದೆ. ನಾ ಕೇಳಿದ್ರ ನೀ ಬರಿಯೂದ ಬಿಡತಿದ್ದಿ, ಅಂದಳು, ಅಂದು ಚಟ್ನಿಪುಡಿ ಮರೆತೆನೆಂದು ಎದ್ದು ಹೋದಳು, ಅಷ್ಟೇ, ಇಪ್ಪತ್ತು ವರ್ಷದ ಭಾರ ಇಳಿಸಿ ಚಟ್ನಿಪುಡಿಗೆ ಹೋದಳು ಪುಣ್ಯಾತ್ಮಳು, ಎಷ್ಟು ಹಗುರಾಗಿದ್ದೇನೆ, ಮೋಟಾರು ಬೇಡ, ನಡೆದೇ ಹೋಗಬಲ್ಲೆ — ನೋಡಲಿ, ಎಂಬತ್ತು ಕಣ್ಣೂ ನೋಡಲಿ, ಬ್ಯಾಡ ಅಂದರೆ ಸಂಜೆಯ ಮೋಟಾರಿಗೆ ತಿರುಗಿ ಬಂದೇನು, ಆದರೆ ನಲವತ್ತರಲ್ಲಿ ಒಬ್ಬಳಾದರೂ ಇದ್ದೇ ಇರುತ್ತಾಳೆ, ಒಂಬತ್ತು ವರ್ಷದವಳೋ ಹತ್ತರವಳೋ, ಹಿಂದಿನ ಸಾಲಿನಲ್ಲಿ, ಎಡಗೈ ತೊಡೆಯ ಕೆಳಗೆ ಒತ್ತಿಕೊಂಡು ಕೂತವಳು, ಇವರು ಹೊರಗಿನಿಂದ ಕರೆಯುತ್ತಿದ್ದಾರೆ, ಮೋಟಾರು ಬಂತಂತೆ, ಬಂದೆ, ಬಂದೆ, ತೊಡೆಯ ಕೆಳಗೆ ಆ ಕೈ, ಜೋಮು ಹಿಡಿದದ್ದು, ನಾನು ಎಡಗೈಯಲ್ಲಿ ಕಡ್ಡಿ ಎತ್ತಿ ಗೋಡೆಗೆ ಮೊದಲ ಗೆರೆ ಎಳೆಯುತ್ತೇನೆ, ಅವಳು ನೋಡುತ್ತಾಳೆ, ಆ ಕೈ, ಮೆಲ್ಲಗೆ ಹೊರಗೆ ಬರುತ್ತಿರುವ ಆ ಪುಟ್ಟ ಕೈ —