ತಂಗಿಯ ಮುಂಗಡ, ದೊಡ್ಡಮ್ಮನ ಚೌಕಾಸಿ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆ, ಒಬ್ಬ ಅಕ್ಕ ಇದ್ದಳು. ಅವಳಿಗೊಬ್ಬ ತಂಗಿ. ತಂಗಿ ಇದ್ದದ್ದು ಏಳು ಸಮುದ್ರದ ಆಚೆ. ಯಾವ ರಾಕ್ಷಸನೂ ಅವಳನ್ನು ಹೊತ್ತುಕೊಂಡು ಹೋಗಿರಲಿಲ್ಲ. ತಾನೇ ಪೆಟ್ಟಿಗೆ ಎಳೆದುಕೊಂಡು ಹೋಗಿ, ಒಂದು ದೊಡ್ಡ ಬೇಕರಿಯಲ್ಲಿ ರಾತ್ರಿಪಾಳಿಗೆ ಹಿಟ್ಟು ನಾದುವ ಕೆಲಸ ಹಿಡಿದಿದ್ದಳು.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಏಳು ಸಮುದ್ರದಾಚೆಗೆ ಏನನ್ನಾದರೂ ಕಳಿಸುವುದು ನೀರು ಕುಡಿದಷ್ಟು ಸಲೀಸು. ಒಂದು ಹಂಸ ಬಂದು ಕೂರುತ್ತದೆ, ಅದರ ಕಾಲಿಗೆ ಗಂಟು ಕಟ್ಟಿ ಹಾರಿಬಿಟ್ಟರೆ ಮುಗಿಯಿತು. ಹಂಸ ಗುರುತಿನ ಚೀಟಿ ಕೇಳುವುದಿಲ್ಲ. ಕಮಿಷನ್ ಮುರಿದುಕೊಳ್ಳುವುದಿಲ್ಲ. ಸರ್ವರ್ ಡೌನ್ ಇದೆ, ಊಟ ಆದ ಮೇಲೆ ಬನ್ನಿ ಎಂದು ಕೊಕ್ಕು ತಿರುಗಿಸುವುದಿಲ್ಲ. ಅಕ್ಕನ ಪಾಲಿಗೆ ಹಂಸ ಬರಲಿಲ್ಲ. ಬಂದದ್ದು ತಂಗಿಯ ಫೋನು.

"ಅಕ್ಕಾ, ಕೋಣೆ ಸಿಕ್ಕಿದೆ ಕಣೇ. ನನಗೊಬ್ಬಳಿಗೇ. ಕಿಟಕಿ ಇದೆ!"

"ಕಿಟಕಿ ಇರೋದೂ ಒಂದು ಸುದ್ದೀನಾ?"

"ಇಲ್ಲಿ ಬಂದು ಇದ್ದು ನೋಡು, ಆಮೇಲೆ ಮಾತಾಡು. ಈಗಿರೋ ನೆಲದಡಿ ಕೋಣೇಲಿ ನಾಲ್ಕು ಜನ, ಎರಡು ಹಾಸಿಗೆ. ನನ್ನ ಹಾಸಿಗೇಲಿ ರಾತ್ರಿ ಮಲಗೋಳು ಹಗಲುಪಾಳಿಯವಳು. ನಾನು ಕೆಲಸ ಮುಗಿಸಿ ಬಂದ್ರೆ ಅವಳಿನ್ನೂ ಎದ್ದಿರಲ್ಲ. ಅವಳು ಎದ್ದು ತಲೆ ಬಾಚಿ, ಲೈಟ್ ಹಾಕಿ, ಹೇರ್ ಡ್ರೈಯರ್ ಹಾಕಿ... ನಾನು ಗೋಡೆಗೆ ಒರಗಿ ಕೂತಿರ್ತೀನಿ. ನಿನ್ನೆ ಹಿಟ್ಟಿನ ಮಿಷನ್ ಮುಂದೆ ತೂಕಡಿಸಿಬಿಟ್ಟೆ. ಮೇಲ್ವಿಚಾರಕ ನೋಡಿದ. ಇನ್ನೊಂದು ಸಲ ಆದ್ರೆ ಮನೆಗೆ ಕಳಿಸ್ತೀನಿ ಅಂದ."

ನಾದುವ ಯಂತ್ರ ಎಷ್ಟು ದೊಡ್ಡದಿರುತ್ತದೆಂದು ತಂಗಿ ಹಿಂದೊಮ್ಮೆ ನಗುನಗುತ್ತ ತೋರಿಸಿದ್ದಳು. ಅದರೊಳಗೆ ಒಂದು ಕರು ನಿಲ್ಲಬಹುದಿತ್ತು.

"ಮುಂಗಡ ಎಷ್ಟಂತೆ?"

ತಂಗಿ ಹೇಳಿದಳು. "ಮನೆಯೊಡತಿ ಶುಕ್ರವಾರ ಮಧ್ಯಾಹ್ನದವರೆಗೆ ಕಾಯ್ತಾಳಂತೆ. ಪೂರ್ತಿ ಬೇಕು, ಒಂದೇ ಸಲ. ಚೂರು ಕಮ್ಮಿ ಇದ್ರೂ ಇನ್ನೊಬ್ಬಳಿಗೆ ಕೊಟ್ಟುಬಿಡ್ತಾಳೆ."

"ಶುಕ್ರವಾರದೊಳಗೆ ನಿನ್ನ ಕೈಗೆ ಮುಟ್ಟಿಸ್ತೀನಿ. ಹೋಗು, ಸ್ವಲ್ಪ ಮಲಗು."

"ಎಲ್ಲಿ ಮಲಗಲಿ? ಅವಳಿನ್ನೂ ಎದ್ದಿಲ್ಲ."

ಅಕ್ಕ ಕೆಲಸ ಮಾಡುತ್ತಿದ್ದದ್ದು ದೊಡ್ಡಮ್ಮನ ಸೋಫಾ ರಿಪೇರಿ ಅಂಗಡಿಯಲ್ಲಿ. ಹರಿದ ಸೋಫಾಗಳ ಹೊಟ್ಟೆ ಬಗೆದು, ಹಳೆಯ ಸ್ಪ್ರಿಂಗ್ ಕಿತ್ತು, ಹೊಸ ಪಟ್ಟಿ ಎಳೆದು, ಸ್ಪಂಜು ತುಂಬಿ, ಬಟ್ಟೆ ಹೊದಿಸಿ ಮೊಳೆ ಹೊಡೆಯುವುದು ಇಬ್ಬರ ಕಸುಬು. ಅಕ್ಕ ತಂಗಿ ಇಬ್ಬರನ್ನೂ ಸಾಕಿದವಳು ದೊಡ್ಡಮ್ಮನೇ. ಅವಳಿಗೆ ಊರಿನ ಬಟ್ಟೆ ಸಗಟು ವ್ಯಾಪಾರಿಗಳೆಲ್ಲ ಹೆದರುತ್ತಿದ್ದರು. ಚೌಕಾಸಿಯಲ್ಲಿ ಅವಳದು ಒಂದೇ ಪಟ್ಟು: ಬೆಲೆ ಕೇಳುವುದು, ಅಯ್ಯೋ ಎಂದು ಹಣೆ ಚಚ್ಚಿಕೊಳ್ಳುವುದು, ಚೀಲ ಹೆಗಲಿಗೇರಿಸಿ ಹೊರಟುಬಿಡುವುದು. ಬಾಗಿಲು ದಾಟುವುದರೊಳಗೆ ಹಿಂದಿನಿಂದ "ಅಮ್ಮಾ, ಬನ್ನಿ ಬನ್ನಿ" ಎಂಬ ಕೂಗು ಬರಲೇಬೇಕು. ಬಾರದೆ ಇದ್ದದ್ದೇ ಇಲ್ಲ.

ಅಕ್ಕ, ದೊಡ್ಡಮ್ಮ ಇಬ್ಬರ ಉಳಿತಾಯ ಒಟ್ಟು ಸೇರಿಸಿದಾಗ ಮುಂಗಡಕ್ಕೆ ಸರಿಯಾಯಿತು, ಮೇಲೆ ಕಳಿಸುವ ಖರ್ಚಿಗೂ ಒಂದಿಷ್ಟು ಉಳಿಯಿತು. ಇನ್ನೇನು, ಕಳಿಸಿದರಾಯಿತು ಎಂದುಕೊಂಡಳು ಅಕ್ಕ. ಪಾಪ.

ಮೊದಲು ಫೋನಿನ ಆಪ್. ಕೂತಲ್ಲಿಂದಲೇ ಕಣ್ಣು ಮಿಟುಕಿಸುವುದರೊಳಗೆ ಹಣ ಕಳಿಸಿ ಎಂದು ಅದರ ಜಾಹೀರಾತು. ಆಪ್ ನಿಜಕ್ಕೂ ಕಣ್ಣು ಮಿಟುಕಿಸು ಎಂದೇ ಕೇಳಿತು. ಗುರುತು ಖಾತ್ರಿಗಾಗಿ ಎಡಕ್ಕೆ ತಿರುಗು, ಬಲಕ್ಕೆ ತಿರುಗು, ನಗು ಎಂದಿತು. ಅಕ್ಕನ ತುಟಿಗಳ ನಡುವೆ ಸಣ್ಣ ಮೊಳೆಗಳಿದ್ದವು. ಒಂದು ಕೈಲಿ ಸುತ್ತಿಗೆ ಹಿಡಿಯುವವರು ಮೊಳೆಗಳನ್ನು ಇಟ್ಟುಕೊಳ್ಳುವುದು ಅಲ್ಲೇ.

"ಮೊಳೆ ಉಗಿದು ನಗೇ," ಎಂದಳು ದೊಡ್ಡಮ್ಮ.

ಉಗಿದು ನಕ್ಕಳು. ಗುರುತಿನ ಚೀಟಿಯ ಭಾವಚಿತ್ರಕ್ಕೂ ಈ ಮುಖಕ್ಕೂ ಹೊಂದಿಕೆಯಿಲ್ಲ ಎಂದಿತು ಆಪ್. ಹೊಂದುವುದಾದರೂ ಹೇಗೆ? ಚೀಟಿಗೆ ಚಿತ್ರ ತೆಗೆದವನು ನಗಬೇಡಿ ಎಂದು ಗದರಿದ್ದ. ಮತ್ತೆ ನಕ್ಕಳು. ಬೆಳಕು ಸಾಲದು. ಬಾಗಿಲ ಬಳಿ ಹೋಗಿ ನಕ್ಕಳು. ದಾರಿಹೋಕನೊಬ್ಬ ತನಗೇ ಎಂದುಕೊಂಡು ತಾನೂ ನಕ್ಕ. ಕೊನೆಗೆ ಆಪ್, ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ, ಅದಕ್ಕಾಗಿ ನಿಮ್ಮ ಆಪ್ ಖಾತೆಯನ್ನು ತಡೆಹಿಡಿದಿದ್ದೇವೆ, ಮುಂದಿನ ವಾರ ಪ್ರಯತ್ನಿಸಿ ಎಂದು ಬಾಗಿಲು ಹಾಕಿಕೊಂಡಿತು.

"ನನ್ನ ದುಡ್ಡು ನನ್ನಿಂದಲೇ ಕಾಪಾಡ್ತಾ ಇದ್ದಾರೆ ನೋಡಿ ದೊಡ್ಡಮ್ಮ!"

"ಯಂತ್ರದ ಜೊತೆ ಏನು ಮಾತು? ಮನುಷ್ಯರು ಇರೋ ಕಡೆ ಹೋಗೋಣ ನಡಿ. ನಾನೂ ಬರ್ತೀನಿ."

ಆ ಮಾತು ಕೇಳಿದಾಗಲೇ ಅಕ್ಕ ಬೇಡ ಎನ್ನಬೇಕಿತ್ತು.

ಹಣ ವಿನಿಮಯದ ಅಂಗಡಿ ದೊಡ್ಡ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ದಪ್ಪ ಗಾಜು, ಅದರಲ್ಲೊಂದು ತೂತು, ತೂತಿನ ಹಿಂದೆ ನೆಗಡಿಯಾದ ಒಬ್ಬ ಹೆಂಗಸು. ಅವಳ ತಲೆಯ ಮೇಲೆ ಕೆಂಪು ಅಂಕಿಗಳ ಫಲಕ. ಆ ಕಡೆಯ ಒಂದು ನೋಟಿಗೆ ಈ ಕಡೆಯ ಎಷ್ಟು ಕೊಡಬೇಕೆಂದು ಆ ಫಲಕ ಹೇಳುತ್ತಿತ್ತು. ಅಂಕಿಗಳು ಆಗಾಗ ರೆಪ್ಪೆ ಬಡಿದಂತೆ ಬದಲಾಗುತ್ತಿದ್ದವು. ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಖರ್ಚು ಕಳೆದು ಸರಿಯಾಗುತ್ತಿತ್ತು. ತೂತಿಗೆ ಬಾಯಿ ಕೊಡುವಷ್ಟರಲ್ಲಿ ದೊಡ್ಡಮ್ಮ ಮುಂದೆ ನುಗ್ಗಿದ್ದಳು.

"ಕೊನೇ ರೇಟು ಹೇಳಮ್ಮ."

ಕೌಂಟರಿನ ಹೆಂಗಸು ಮೂಗೊರೆಸಿಕೊಂಡು ಮೇಲೆ ಕೈ ತೋರಿಸಿದಳು. "ಬೋರ್ಡಲ್ಲಿದೆ."

"ಬೋರ್ಡು ದಾರೀಲಿ ಹೋಗೋರಿಗೆ. ನನಗೆ ಹೇಳು."

"ಎಲ್ಲರಿಗೂ ಅದೇ ಅಮ್ಮ."

"ಪಕ್ಕದ ಬೀದೀಲಿ ಇದಕ್ಕಿಂತ ಕಮ್ಮಿಗೆ ಕೊಡ್ತಾರೆ."

"ಹಾಗಾದ್ರೆ ಅಲ್ಲೇ ಕೊಳ್ಳಿ ಅಮ್ಮ."

"ದೊಡ್ಡಮ್ಮ," ಎಂದಳು ಅಕ್ಕ ಹಲ್ಲು ಕಚ್ಚಿ, "ಇದು ಬಟ್ಟೆಯಲ್ಲ. ದುಡ್ಡು."

"ಎಲ್ಲಾ ವ್ಯಾಪಾರಾನೇ ಮಗಳೇ. ಅವಳ ಮುಖ ನೋಡು, ಮೆತ್ತಗಾಗ್ತಾ ಇದ್ದಾಳೆ." ಮೆತ್ತಗಾಗುತ್ತಿದ್ದುದು ನೆಗಡಿಯ ಮೂಗು. ದೊಡ್ಡಮ್ಮ ಅಯ್ಯೋ ಎಂದು ಹಣೆ ಚಚ್ಚಿಕೊಂಡಳು, ಚೀಲ ಹೆಗಲಿಗೇರಿಸಿದಳು, ಅಕ್ಕನ ರಟ್ಟೆ ಹಿಡಿದಳು. "ನಡಿ. ನಾಲ್ಕು ಹೆಜ್ಜೆ ಹಾಕು. ತಿರುಗಿ ಮಾತ್ರ ನೋಡಬೇಡ."

ನಾಲ್ಕು ಹೆಜ್ಜೆಯಾಯಿತು. ಬಾಗಿಲಾಯಿತು. ಚಪ್ಪಲಿ ಅಂಗಡಿಯಾಯಿತು. ಯಾರೂ ಕರೆಯಲಿಲ್ಲ. ಬೀದಿಯ ತಿರುವಿನಲ್ಲಿ ದೊಡ್ಡಮ್ಮ ನಿಂತು, ಬಾರದ ಕೂಗಿಗೆ ಕಿವಿಗೊಟ್ಟಳು. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವಳು ಅಂಥ ನಿಶ್ಶಬ್ದವನ್ನು ಕೇಳಿರಲಿಲ್ಲ.

"ಕಿವುಡಿ ಇರಬೇಕು. ಒಂದು ಚಹಾ ಕುಡಿಯೋಣ. ಅಷ್ಟರಲ್ಲಿ ಹೆದರ್ಕೋತಾಳೆ."

ಚಹಾ ಕುಡಿದು ಬರುವಷ್ಟರಲ್ಲಿ ಹೆದರಿದ್ದು ಫಲಕ. ಅಂಕಿ ಮೇಲಕ್ಕೆ ನೆಗೆದು ಕೂತಿತ್ತು. ಎಷ್ಟೋ ದೂರದಲ್ಲಿ ಯಾರೋ ಮಂತ್ರಿ ಏನೋ ಅಂದನಂತೆ, ಅದಕ್ಕೆ ಪೇಟೆಗಳೆಲ್ಲ ಗಾಬರಿಯಾದವಂತೆ. ಮಂತ್ರಿಯ ಬಾಯಿಗೂ ತಂಗಿಯ ಹಾಸಿಗೆಗೂ ಏನು ಸಂಬಂಧವೋ ಅಕ್ಕನಿಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ, ತಂದ ಹಣ ಈಗ ಸಾಲದು.

"ಜೊತೆಗೆ ಇನ್ನೊಂದು," ಎಂದಳು ಕೌಂಟರಿನ ಹೆಂಗಸು ಸೀನಿ. "ಅಲ್ಲಿ ಪೂರ್ತಿ ಮುಟ್ಟಬೇಕಂದ್ರೆ ನಡುವಿನ ಬ್ಯಾಂಕಿನ ಶುಲ್ಕಾನೂ ನೀವೇ ಇಲ್ಲೇ ಕಟ್ಟಬೇಕು. ಇಲ್ಲಾಂದ್ರೆ ಅವರು ದಾರೀಲಿ ಮುರ್ಕೋತಾರೆ."

"ನಡುವಿನ ಬ್ಯಾಂಕ್ ಯಾವುದು?"

"ನಮಗೂ ಗೊತ್ತಿರಲ್ಲ."

"ಎಲ್ಲಿರುತ್ತೆ?"

"ನಡುವೆ."

ಅಜ್ಜಿಯ ಕಥೆಯಲ್ಲೂ ಹೀಗೊಬ್ಬ ಇರುತ್ತಿದ್ದ, ದಾರಿಯಲ್ಲಿ ಅಡ್ಡ ಕೂತು ಹೋಗಿಬರುವವರ ಬುತ್ತಿಯಲ್ಲಿ ಒಂದೊಂದು ತುತ್ತು ಕಿತ್ತುಕೊಳ್ಳುವವನು. ಅವನಿಗಾದರೂ ಕೋರೆಹಲ್ಲು, ಕೆಂಗಣ್ಣು ಇರುತ್ತಿದ್ದವು, ಕಂಡರೆ ಬೈಯಬಹುದಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ದೊಡ್ಡಮ್ಮ ಗೊಣಗಿದಳು: "ಏರಿದ್ದು ಇಳಿದೇ ಇಳಿಯುತ್ತೆ. ನಾಳೆ ನೋಡೋಣ."

ನಾಳೆ ಬಂತು. ಫಲಕ ಇನ್ನೂ ಒಂದು ಮೆಟ್ಟಿಲು ಹತ್ತಿತ್ತು. ಅಂಗಡಿಗೆ ವಾಪಸು ಬಂದು ಅಕ್ಕ ಸುತ್ತಿಗೆಯನ್ನು ನೆಲಕ್ಕೆ ಕುಕ್ಕಿದಳು.

"ನಿಮ್ಮ ಚೌಕಾಸಿಗೆ ಬೆಂಕಿ ಬೀಳ! ನಿನ್ನೆ ಸುಮ್ಮನೆ ಕೊಟ್ಟಿದ್ರೆ ಅವಳು ಇವತ್ತು ಕಾಲು ಚಾಚಿ ಮಲಗಿರ್ತಿದ್ಳು. ಅವಳು ಆ ಮಿಷನ್ ಮುಂದೆ ನಿಂತು ತೂಕಡಿಸ್ತಾ ಇದ್ದಾಳೆ ದೊಡ್ಡಮ್ಮ. ಕೈ ಸಿಕ್ಕಿಹಾಕಿಕೊಂಡ್ರೆ ಯಾವ ರೇಟಿಗೆ ವಾಪಸ್ ತರ್ತೀರಿ?"

ದೊಡ್ಡಮ್ಮ ಮುಖ ಊದಿಸಿಕೊಳ್ಳಲಿಲ್ಲ. ಅದೇ ಆಶ್ಚರ್ಯ. ಮೂಲೆಯಲ್ಲಿದ್ದ ಉದ್ದ ಬೆಂಚಿನ ಮೇಲೆ ಕೂತಳು. ಆಮೇಲೆ ತಾನು ಕೂತ ಬೆಂಚನ್ನೇ ತಟ್ಟಿದಳು. ಅದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನದು, ರೋಗಿಗಳು ಕಾಯುವ ಬೆಂಚು. ಒಪ್ಪಿಸಲು ಮುಂದಿನ ವಾರದವರೆಗೆ ಗಡುವಿತ್ತು.

"ಇದನ್ನ ಇವತ್ತೇ ಮುಗಿಸೋಣ. ಇದರ ಕೂಲಿ ಸೇರಿದ್ರೆ ಸಾಲುತ್ತಲ್ಲ?"

ಅಕ್ಕ ಲೆಕ್ಕ ಹಾಕಿದಳು. "ಫಲಕ ಇನ್ನಷ್ಟು ಹಾರದಿದ್ರೆ."

ಹಳೆಯ ರೆಕ್ಸಿನ್ ಸುಲಿದರು. ಒಳಗೆ ಬಳಪದಷ್ಟು ಗಟ್ಟಿಯಾದ ಸ್ಪಂಜು, ಎರಡು ಪೆನ್ನು, ಯಾರದೋ ಕಟ್ಟಿಸಿದ ಹಲ್ಲು. ಪಟ್ಟಿಗಳನ್ನು ದೊಡ್ಡಮ್ಮ ಮೈಭಾರವೆಲ್ಲ ಹಾಕಿ ಎಳೆದು ಹಿಡಿದಳು, ಅಕ್ಕ ಬಾಯಿಂದ ಒಂದೊಂದೇ ಮೊಳೆ ತೆಗೆದು ಹೊಡೆದಳು. ಮೊಳೆಯೊಂದಕ್ಕೆ ಒಬ್ಬರನ್ನು ಬೈಯುತ್ತ ಹೊಡೆದಳು: ಇದು ಆಪಿಗೆ, ಇದು ಮಂತ್ರಿಗೆ, ಇದು ನಡುವಿನ ಬ್ಯಾಂಕಿಗೆ. ದೊಡ್ಡಮ್ಮನ ಪಾಲಿನ ಮೊಳೆಯನ್ನು ಮಾತ್ರ ಮನಸ್ಸಿನಲ್ಲೇ ಹೊಡೆದಳು. ಬೀದಿಯ ಅಂಗಡಿಗಳು ಬಾಗಿಲೆಳೆಯುವ ಹೊತ್ತಿಗೆ ಬೆಂಚಿಗೆ ಹೊಸ ಹಸಿರು ಮೈ ಬಂದಿತ್ತು.

ಶುಕ್ರವಾರ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮುಂಚೆಯೇ ಅದನ್ನು ಕೈಗಾಡಿಯಲ್ಲಿ ಒಯ್ದು ಇಳಿಸಿದರು. ಡಾಕ್ಟರು ಬಂದರು, ತಟ್ಟಿ ನೋಡಿದರು, ಭೇಷ್ ಎಂದರು. "ದುಡ್ಡು ಸೋಮವಾರ ಕೊಡ್ತೀನಮ್ಮ. ಹೇಗೂ ಮುಂದಿನ ವಾರ ತಾನೇ ನಮ್ಮ ಮಾತು?"

"ಹೌದು ಸ್ವಾಮಿ, ನಿಮ್ಮ ಮಾತೇ ಸರಿ," ಎಂದು ದೊಡ್ಡಮ್ಮ ಬೆಂಚಿನ ನಟ್ಟನಡುವೆ ಕೂತಳು. "ಸೋಮವಾರದವರೆಗೆ ಇಲ್ಲೇ ಕೂತು ಪರೀಕ್ಷೆ ಮಾಡ್ತಿರ್ತೀನಿ. ಪಟ್ಟಿ ಸಡಿಲ ಆಗುತ್ತಾ ಏನು ಅಂತ."

ಡಾಕ್ಟರು ನಕ್ಕು ಒಳಗೆ ಹೋದರು. ರೋಗಿಗಳು ಬಂದರು. ದೊಡ್ಡಮ್ಮ ಕಾಲು ಮಡಚಿ ಇನ್ನಷ್ಟು ಅಗಲವಾದಳು. ಕೆನ್ನೆ ಊದಿಸಿಕೊಂಡು ಬಂದು ಅಂಚಿನಲ್ಲಿ ಕೂತ ಒಬ್ಬನಿಗೆ, "ತುಂಬಾ ನೋಯುತ್ತಾ? ನನ್ನ ತಂಗಿ ಮಗನಿಗೂ ಹೀಗೇ ಶುರುವಾಗಿದ್ದು. ಆಮೇಲೆ ಕೀಳೋವಾಗ ಮೂರು ಜನ ಹಿಡ್ಕೊಂಡಿದ್ರು," ಎಂದು ವಿಚಾರಿಸಿದಳು. ಅವನು ಎದ್ದು ನಿಂತ. ಅವಳ ತಂಗಿಗೆ ಗಂಡುಮಕ್ಕಳೇ ಇಲ್ಲವೆಂದು ಅಕ್ಕನಿಗೆ ಗೊತ್ತಿತ್ತು; ಆ ತಂಗಿಯ ಮಗಳೇ ಇವಳು. ಇನ್ನೊಬ್ಬ ರೋಗಿಯ ಕಡೆ ದೊಡ್ಡಮ್ಮ ತಿರುಗುವಷ್ಟರಲ್ಲಿ ಡಾಕ್ಟರು ಹೊರಗೆ ಬಂದು, ನೋಟುಗಳನ್ನು ಎಣಿಸಿಕೊಟ್ಟರು.

ಇಬ್ಬರೂ ಓಡಿದರು. ಓಡುತ್ತಲೇ ಅಕ್ಕ ಎಚ್ಚರಿಸಿದಳು: "ಅಲ್ಲಿ ನೀವು ಒಂದಕ್ಷರ ಮಾತಾಡಕೂಡದು."

"ಬಾಯಿಗೆ ಬೀಗ," ಎಂದಳು ದೊಡ್ಡಮ್ಮ ಏದುಸಿರು ಬಿಡುತ್ತ.

ಸಾಲಿನಲ್ಲಿ ಮೂವರಿದ್ದರು. ಅಕ್ಕ ಫಲಕದಿಂದ ಕಣ್ಣು ಕೀಳಲಿಲ್ಲ. ಅಂಕಿ ಒಮ್ಮೆ ಮಿಣುಕಿ ಕೆಳಗಿಳಿಯಿತು, ಮತ್ತೆ ಏರಿತು. ಸರದಿ ಬಂದಾಗ ಕೌಂಟರಿನ ಹೆಂಗಸು ಇಬ್ಬರನ್ನೂ ಗುರುತು ಹಿಡಿದು, ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದಳು.

"ಕಳಿಸೋ ಉದ್ದೇಶ? ಶಿಕ್ಷಣ, ಚಿಕಿತ್ಸೆ, ಉಡುಗೊರೆ, ಕುಟುಂಬದ ಖರ್ಚು, ಇತರೆ."

"ನಿದ್ದೆ," ಎಂದಳು ಅಕ್ಕ.

"ಅದಿಲ್ಲ."

"ಕುಟುಂಬದ ಖರ್ಚು ಅಂತ ಹಾಕಿ."

"ಪಡೆಯುವವರು ನಿಮಗೆ ಏನಾಗಬೇಕು?"

"ತಂಗಿ."

"ಒಡಹುಟ್ಟಿದವರಾ, ದೊಡ್ಡಪ್ಪ ಚಿಕ್ಕಪ್ಪನ ಕಡೆಯವರಾ?"

ಗಾಜಿನ ಮೇಲೆ ಹಣೆಯಿಟ್ಟು ಅಕ್ಕ ಒಂದು ಉಸಿರು ಬಿಟ್ಟಳು. ಗಾಜು ಮಸುಕಾಯಿತು. "ಒಂದೇ ತೊಟ್ಟಿಲಿನವರು, ತಾಯಿ. ನಾನು ಎದ್ದ ಮೇಲೆ ಅವಳು ಮಲಗಿದ್ದು."

ಹೆಂಗಸು ಟಕಟಕ ಕುಟ್ಟಿದಳು. ಅಕ್ಕನ ಹಿಂದೆ ದೊಡ್ಡಮ್ಮನಿಂದ ವಿಚಿತ್ರವಾದ ಸದ್ದುಗಳು ಬರುತ್ತಿದ್ದವು. ತಿರುಗಿ ನೋಡಿದರೆ, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಫಲಕವನ್ನು ದುರುಗುಟ್ಟಿ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಹೇಳಿದ ಬೆಲೆಯನ್ನು ಹೇಳಿದಂತೆಯೇ ಕೊಡುವುದು ಅವಳ ಜೀವಮಾನದಲ್ಲಿ ಅದೇ ಮೊದಲು.

"ಇವತ್ತಿನ ರೇಟು ಇದು. ನಡುವಿನ ಶುಲ್ಕ ಸೇರಿ ಇಷ್ಟಾಗುತ್ತೆ. ಅಲ್ಲಿ ಪೂರ್ತಿ ಮುಟ್ಟುತ್ತೆ. ಒತ್ತಲಾ?"

ಅಕ್ಕ ನೋಟುಗಳನ್ನೆಲ್ಲ ತೂತಿನೊಳಗೆ ತಳ್ಳಿದಳು. "ಒತ್ತಿ."

ಹೆಂಗಸು ಬೆರಳೆತ್ತಿದಳು. ಅದೇ ಹೊತ್ತಿಗೆ ಸೀನು ಬಂತು. ಬೆರಳು ಗಾಳಿಯಲ್ಲೇ ನಿಂತಿತು, ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ, ಸೆರಗು ಉಗಿದು ಕೂಗಿದಳು:

"ಸೀನೋದು ಆಮೇಲೆ, ಮೊದಲು ಒತ್ತಮ್ಮಾ!"

ಹೆಂಗಸು ಬೆಚ್ಚಿ ಒತ್ತಿದಳು, ಆಮೇಲೆ ಸೀನಿದಳು. ರಸೀದಿ ಹೊರಬಂತು.

ಇನ್ನು ಕಾಯುವುದು. ಅಂಗಡಿಯಲ್ಲಿ ಅಕ್ಕ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಫೋನನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಇಲ್ಲಿ ಹೊತ್ತು ಇಳಿಯುತ್ತಿತ್ತು, ಅಲ್ಲಿ ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಎರಡು ಸಲ ಫೋನು ಸದ್ದು ಮಾಡಿತು. ಎರಡೂ ಸಲ ಆಪ್: ನಿಮ್ಮ ಅನುಭವ ಹೇಗಿತ್ತು, ನಕ್ಷತ್ರ ಕೊಡಿ.

ಬೀದಿದೀಪ ಹತ್ತಿದಾಗ ತಂಗಿಯ ಕರೆ ಬಂತು. ಮೊದಲು ಬರೀ ಉಸಿರಾಟ ಕೇಳಿಸಿತು, ಮೆಟ್ಟಿಲು ಹತ್ತುತ್ತಿದ್ದಳು.

"ಬಂತಾ?" ಎಂದು ಅಕ್ಕ ದೊಡ್ಡಮ್ಮ ಇಬ್ಬರೂ ಒಟ್ಟಿಗೇ ಕೂಗಿದರು.

"ಬಂತು. ಪೂರ್ತಿ ಬಂತು ಕಣೇ. ಆಗಲೇ ಕೊಟ್ಟಾಯ್ತು. ಆ ಇನ್ನೊಬ್ಬಳು ಕೆಳಗೇ ನಿಂತಿದ್ಳು, ಅವಳ ಎದುರಿಗೇ ಮನೆಯೊಡತಿ ನನ್ನ ಕೈಗೆ ಕೀಲಿ ಕೊಟ್ಳು." ಬಾಗಿಲು ತೆರೆದ ಸದ್ದು, ಪೆಟ್ಟಿಗೆ ಇಳಿಸಿದ ಸದ್ದು. "ಒಳಗೆ ಬಂದೆ ಅಕ್ಕಾ. ಬಿಸಿಲು ಹಾಸಿಗೆ ಮೇಲೇ ಬಿದ್ದಿದೆ. ಇರು, ತೋರಿಸ್ತೀನಿ..."

ಅಕ್ಕ ಕಾದಳು. ಚಿತ್ರ ಬರಲಿಲ್ಲ. ಮಂಚ ಕಿರ್ರೆಂದಿತು, ಫೋನು ಬಟ್ಟೆಯ ಮೇಲೆ ಜಾರಿದಂತಾಯಿತು.

"ಏನಾಯ್ತೇ? ಏನಂತೆ?" ದೊಡ್ಡಮ್ಮ ಕಿವಿ ತಂದಳು.

ಇಬ್ಬರೂ ತಲೆಗೆ ತಲೆ ತಾಗಿಸಿ ಆಲಿಸಿದರು. ಆ ಕಡೆಯಿಂದ ಕೇಳಿಸುತ್ತಿದ್ದುದು ಸಣ್ಣ ಗೊರಕೆ.