ಹೌದು ಎನ್ನಿಸುವ ಕೆಲಸ

ತನ್ನ ದನಿ ತೀರಾ ಸಣ್ಣದು ಎಂಬ ಕೊರಗನ್ನು ಅವಳು ದಿನಚರಿಯಲ್ಲಿ ಬಿಟ್ಟು ಬೇರೆಲ್ಲೂ ಹೇಳಿಕೊಂಡವಳಲ್ಲ. ಅಂಗಡಿಯವನು ಎರಡು ಸಲ ‘ಏನಮ್ಮಾ?’ ಎಂದರೆ ಸಾಕು, ಬೇಕಾದ್ದನ್ನು ಬಿಟ್ಟು ಎದುರಿಗೆ ಕಂಡದ್ದನ್ನು ಕೊಂಡು ಬರುವಳು. ಬಸ್ಸಿನಲ್ಲಿ ‘ಇಳೀಬೇಕು’ ಎನ್ನಲಾರದೆ ಮುಂದಿನ ನಿಲ್ದಾಣದಲ್ಲಿಳಿದು ಹಿಂದಕ್ಕೆ ನಡೆದು ಬಂದದ್ದೂ ಉಂಟು. ಪದವಿ ಮುಗಿದ ಮೇಲೆ ಹೋದ ಸಂದರ್ಶನಗಳಲ್ಲೆಲ್ಲ ‘ಸ್ವಲ್ಪ ಜೋರಾಗಿ’ ಎನ್ನಿಸಿಕೊಂಡು ಬಂದವಳಿಗೆ ಕಡೆಗೆ ಸಿಕ್ಕಿದ್ದು ಫೋನಿನಲ್ಲಿ ಮಾತಾಡುವ ಕೆಲಸ ಎಂದರೆ ನಗಬೇಕೋ ಅಳಬೇಕೋ.

ಕೊಡಿಸಿದವರು ಸೋದರಮಾವ. ಅವರು ಒಂದು ಹೂಡಿಕೆ ಕಂಪನಿಯ ಏಜೆಂಟರು. ನಂಟರಿಷ್ಟರಲ್ಲಿ ಯಾರಿಗೆ ನಾಲ್ಕು ಕಾಸು ಕೈಗೆ ಬಂದರೂ ಮೊದಲು ಹೋಗುವುದು ಅವರ ಬಳಿಗೆ. ಅವರು ಬೆರಳಿಟ್ಟ ಕಡೆ ಸಹಿ ಬೀಳಬೇಕು. ಓದುತ್ತ ಕೂತರೆ ಅನುಮಾನ ಪಟ್ಟಂತೆ, ಅನುಮಾನ ಪಟ್ಟರೆ ಸಂಬಂಧ ಕಡಿದಂತೆ. ಇದು ಆ ಒಂದು ಮನೆಯ ಪದ್ಧತಿ ಮಾತ್ರವೇ ಎಂದು ಓದುವವರು ನೆಮ್ಮದಿಯ ನಿಟ್ಟುಸಿರು ಬಿಡುವುದು ಬೇಡ. ನಮ್ಮ ನಮ್ಮ ಮನೆಯ ಕಪಾಟುಗಳಲ್ಲಿ ಓದದೆ ಸಹಿ ಹಾಕಿದ ಕಾಗದ ಎಷ್ಟಿವೆಯೋ ತೆರೆದು ನೋಡಿಕೊಳ್ಳಬಹುದು.

ಕಂಪನಿಯಲ್ಲಿ ಅವಳದ್ದು ಖಾತರಿ ಕರೆಗಳ ವಿಭಾಗ. ಹಣ ಹೂಡಿದವರಿಗೆ ಫೋನು ಮಾಡಿ, ‘ಯೋಜನೆ ನಿಮಗೆ ಅರ್ಥವಾಗಿದೆಯೇ? ನಷ್ಟದ ಸಂಭವ ತಿಳಿದಿದೆಯೇ?’ ಎಂದು ಕೇಳಿ, ಉತ್ತರವನ್ನು ರೆಕಾರ್ಡ್ ಮಾಡಿ ಇಡಬೇಕೆಂದು ಕಾನೂನಿತ್ತು. ಒಳ್ಳೆಯ ಕಾನೂನೇ. ಆದರೆ ಮಾರಿದ ಕಂಪನಿಯೇ ಕೇಳಬೇಕು ಎಂದೂ ಅದರಲ್ಲೇ ಇತ್ತು. ಕುರಿಗಳ ಯೋಗಕ್ಷೇಮ ವಿಚಾರಿಸಿಕೊಂಡು ಬಾ ಎಂದು ತೋಳನನ್ನೇ ಕಳಿಸಿದ ಹಾಗೆ.

ಸಾಲಾಗಿ ಮೇಜುಗಳು. ಪ್ರತಿ ಮೇಜಿಗೂ ಅಂಗೈಯಗಲದ ಕನ್ನಡಿ, ನಗುತ್ತಾ ಮಾತಾಡುತ್ತಿದ್ದೇವೋ ಇಲ್ಲವೋ ನೋಡಿಕೊಳ್ಳಲು. ಕಿವಿಗೆ ಹಾಕುವ ಸಾಧನದ ಸ್ಪಂಜು ಯಾರ ಯಾರದೋ ಬೆವರು ಕುಡಿದು ಗಟ್ಟಿಯಾಗಿತ್ತು. ಮೊದಲ ದಿನವೇ ಮೇಲ್ವಿಚಾರಕಿ ಕೆಲಸದ ಗುಟ್ಟು ಕಲಿಸಿದಳು. ಮೊದಲು ಒಂದು ತಾಲೀಮು: ಪ್ರಶ್ನೆಗಳನ್ನೆಲ್ಲ ಓದಿ ಹೇಳಬೇಕು. ಗಿರಾಕಿಗೆ ಏನು ಅನುಮಾನ ಬಂದರೂ ಅದರಲ್ಲೇ ಬಂದು ಅಲ್ಲೇ ಮುಗಿಯಬೇಕು. ಆಮೇಲೆ ರೆಕಾರ್ಡಿನ ಗುಂಡಿ ಒತ್ತಿ ಇನ್ನೊಂದು ಸಲ ಕೇಳಬೇಕು. ಆಗ ‘ಹೌದು’ ಬಿಟ್ಟು ಬೇರೆ ಮಾತು ಬೀಳಬಾರದು.

“ಸ್ವಲ್ಪ ಜೋರಾಗಿ ಮಾತಾಡೋದು ಕಲೀತೀನಿ ಮೇಡಂ,” ಎಂದಳು ಇವಳು.

“ಅಯ್ಯೋ, ಬೇಡ ತಾಯಿ! ನಿನ್ನ ದನಿ ಕೇಳಿದ್ರೆ ತೊಟ್ಟಿಲ ಮಗೂನೂ ಹೌದು ಅನ್ನತ್ತೆ. ಹೀಗೇ ಇರು.”

ಜೀವಮಾನದಲ್ಲಿ ಮೊದಲ ಸಲ ಯಾರೋ ತನ್ನ ದನಿಯನ್ನು ಹೊಗಳಿದ್ದರು. ಆ ಖುಷಿ ದಿನಚರಿಯಲ್ಲಿ ಒಂದಿಡೀ ಪುಟ ಹಿಡಿಯಿತು.

ಆ ವರ್ಷವೇ ಅಪ್ಪ ಬಸ್ ಡಿಪೋದಿಂದ ನಿವೃತ್ತರಾದರು. ಟೈರು ವಿಭಾಗದ ಹಿರಿಯ ಮೇಸ್ತ್ರಿ. ಕಬ್ಬಿಣದ ಸರಳಿನಿಂದ ಟೈರನ್ನು ತಟ್ಟಿ, ಬಂದ ಸದ್ದಿನಲ್ಲೇ ‘ಇದರ ಹೊಟ್ಟೆಯೊಳಗೆ ತಂತಿ ಹರಿದಿದೆ, ಬಿಚ್ರೋ’ ಎಂದು ಹೇಳಿಬಿಡುವವರು. ಡಿಪೋದಿಂದ ಬಂದ ನಿವೃತ್ತಿಯ ಗಂಟು ಊಟದ ಮೇಜಿಗೆ ಬರುವಷ್ಟರಲ್ಲಿ ಮಾವ ಕಾಗದಗಳೊಂದಿಗೆ ಬಂದು ಕೂತಿದ್ದರು.

“ಭಾವ, ಇಲ್ಲಿ ಒಂದು, ಇಲ್ಲಿ ಒಂದು, ಹಾಂ, ಇಲ್ಲೂ. ತಿಂಗಳು ತಿಂಗಳು ಬಡ್ಡಿ ಮನೆ ಬಾಗಿಲಿಗೆ. ಬ್ಯಾಂಕಿನವನು ಕೊಡೋದರ ಎರಡರಷ್ಟು.”

“ಏನಯ್ಯಾ ಇಷ್ಟು ಸಣ್ಣಕ್ಷರ! ಇರುವೆ ಸಾಲು ಹೋದಂಗಿದೆ.”

“ಅದು ಓದೋಕಲ್ಲ ಭಾವ, ಕಾನೂನಿಗೆ. ನಾನು ಓದಿದೀನಲ್ಲ?”

“ಅವನು ಓದಿದಾನಂತೆ, ಹಾಕಿ ಅತ್ಲಾಗೆ,” ಎಂದರು ಅಮ್ಮ, ತರಕಾರಿ ಹೆಚ್ಚುತ್ತ. “ನನ್ನ ತಮ್ಮ ನಿಮ್ಮನ್ನ ಬಾವಿಗೆ ತಳ್ತಾನಾ?”

ಅವಳಿಗೆ ಆ ಇರುವೆ ಸಾಲು ಗೊತ್ತಿತ್ತು. ತರಬೇತಿಯಲ್ಲಿ ಓದಿಸಿದ್ದರು. ಆ ಹಣ ಹೋಗುವುದು ಅರ್ಧ ಕಟ್ಟಿ ನಿಂತ ಕಟ್ಟಡಗಳ ಮಾಲೀಕರಿಗೆ ಸಾಲವಾಗಿ. ಅವರು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ನಡುವೆ ವಾಪಸ್ ಕೇಳುವಂತಿಲ್ಲ. ಮಾರಿಕೊಟ್ಟವರಿಗೆ ಮಾತ್ರ ಅವರ ಪಾಲು ಮೊದಲೇ ಸಲ್ಲುತ್ತದೆ.

“ಅಪ್ಪಾ...” ಎಂದಳು. ಈಳಿಗೆಯ ಸದ್ದಿನಲ್ಲಿ ಅದು ಮುಳುಗಿತು.

ಮಾವ ಮಾತ್ರ ಕೇಳಿಸಿಕೊಂಡರು. “ನೋಡಿ ಭಾವ, ನಿಮ್ಮ ಮಗಳೇ ನಮ್ಮ ಕಂಪನಿಯವಳು! ಇದಕ್ಕಿಂತ ಗ್ಯಾರಂಟಿ ಬೇಕಾ? ನಾಳೆ ಒಂದು ಫೋನು ಬರತ್ತೆ. ನಾವು ಅದನ್ನ ಹೌದಪ್ಪನ ಕರೆ ಅಂತೀವಿ. ಏನೇ ಕೇಳ್ಲಿ, ಹೌದು ಅಂದುಬಿಡಿ. ಇಲ್ಲಾಂದ್ರೆ ಫೈಲು ತಿರುಗಾ ಬರತ್ತೆ.”

ಎಲ್ಲರೂ ನಕ್ಕರು. ಅಪ್ಪ ಸಹಿ ಹಾಕಿದರು.

ಮರುದಿನ ಅವಳ ಪರದೆಯ ಮೇಲೆ ಮೂಡಿದ ಮೊದಲ ಹೆಸರು ಅಪ್ಪನದು. ಬೇರೆಯವರಿಗೆ ದಾಟಿಸೋಣವೆಂದರೆ ಮೇಲ್ವಿಚಾರಕಿ ಅವಳ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ಕರೆ ಹೋಯಿತು.

“ನಮಸ್ಕಾರ ಸರ್...”

“ಹೇಳಿ ಮೇಡಂ,” ಎಂದಿತು ಅಪ್ಪನ ದನಿ.

ಅವರಿಗೆ ಗುರುತು ಸಿಗಲಿಲ್ಲ! ಅವಳಿಗೆ ಸಮಾಧಾನವೂ ಆಯಿತು, ಎದೆಯೊಳಗೆ ಏನೋ ಚುಚ್ಚಿದಂತೆಯೂ ಆಯಿತು. ತಾಲೀಮು ಶುರು ಮಾಡಿದಳು. ಹೆಸರು, ವಿಳಾಸ, ವಯಸ್ಸು. ಎಲ್ಲಕ್ಕೂ ‘ಹೌದು ಮೇಡಂ’. ಆಮೇಲೆ ಆ ಪ್ರಶ್ನೆ.

“ಹೂಡಿದ ಹಣ ಕಡಿಮೆಯಾಗಬಹುದು, ಪೂರ್ತಿ ಹೋಗಲೂಬಹುದು ಎಂದು ನಿಮಗೆ ತಿಳಿಸಲಾಗಿದೆಯೇ?”

ಆ ಕಡೆ ಮನೆಯ ನಲ್ಲಿಯ ನೀರು ಸುರಿಯುವುದು ಕೇಳಿಸಿತು.

“ಹೋಗೋದು ಅಂದ್ರೆ? ಎಲ್ಲಿಗೆ ಹೋಗತ್ತೆ ಮೇಡಂ?”

ಹೇಳಿದ್ದರೆ ಅಲ್ಲಿಗೆ ಎಲ್ಲ ನಿಲ್ಲುತ್ತಿತ್ತು. ಕುರ್ಚಿಯ ಬೆನ್ನಿನ ಮೇಲೆ ಉಗುರುಗಳು ತಾಳ ಹಾಕಿದವು. ಕನ್ನಡಿಯಲ್ಲಿ ಅವಳ ತುಟಿ ನಗುತ್ತಲೇ ಇತ್ತು.

“ಅದು ನಿಯಮದ ಪ್ರಶ್ನೆ ಸರ್. ಹೌದು ಅಂದ್ರೆ ಸಾಕು.”

“ಹಾಗಾದ್ರೆ ಹೌದು, ಮೇಡಂ.”

ಗುಂಡಿ ಒತ್ತಿದಳು. ಎರಡನೇ ಸಲ ಎಲ್ಲವೂ ಎಣ್ಣೆ ಹಚ್ಚಿದ ಹಾಗೆ ಜಾರಿತು. ಆ ದಿನ ದಿನಚರಿಯಲ್ಲಿ ಏನನ್ನೂ ಬರೆಯಲಾಗಲಿಲ್ಲ.

ಸ್ವಲ್ಪ ಕಾಲ ಬಡ್ಡಿ ಬಂತು. ಅದನ್ನು ಕಂಡು ಅಪ್ಪನ ಗೆಳೆಯ, ಡಿಪೋದಲ್ಲಿ ಎಲ್ಲರೂ ‘ಸೀಟಿ’ ಎಂದು ಕರೆಯುತ್ತಿದ್ದ ಕಂಡಕ್ಟರು, ತಮ್ಮ ಗಂಟನ್ನೂ ಮಾವನ ಕೈಗಿತ್ತರು. ‘ನೀನು ತಟ್ಟಿ ನೋಡಿದ ಟೈರು ಕಣಯ್ಯ, ನಾನು ಕಣ್ಣು ಮುಚ್ಚಿ ಹತ್ತುತೀನಿ’ ಎಂದು ನಕ್ಕಿದ್ದರು. ಆಮೇಲೆ ಒಂದು ತಿಂಗಳು ಬಡ್ಡಿ ತಡವಾಯಿತು. ಇನ್ನೊಂದು ತಿಂಗಳು ಬರಲೇ ಇಲ್ಲ. ಕಟ್ಟಡದ ಮಾಲೀಕರು ಕೈಯೆತ್ತಿದ್ದಾರೆ, ಆ ಯೋಜನೆಯ ಪಾವತಿಗಳನ್ನೆಲ್ಲ ನಿಲ್ಲಿಸಲಾಗಿದೆ ಎಂದು ಕಂಪನಿ ಸಾರಿತು. ಕಂಪನಿಗೇನೂ ಆಗಲಿಲ್ಲ. ಹೊಸ ಹೆಸರಿನ ಹೊಸ ಯೋಜನೆ ಬಂತು. ಅದಕ್ಕೂ ಇವಳೇ ಕರೆ ಮಾಡಬೇಕಾಯಿತು, ಏಕೆಂದರೆ ಈಗ ಮನೆ ನಡೆಯುವುದು ಅವಳ ಸಂಬಳದಿಂದ.

ಮಾವ ಬಂದು ಕೂತು ತಲೆಯ ಮೇಲೆ ಕೈ ಹೊತ್ತರು. “ನಾನೇನು ಮಾಡ್ಲಿ ಅಕ್ಕಾ, ಮಾರುಕಟ್ಟೆ ಬಿತ್ತು. ಎಲ್ಲರದ್ದೂ ಹೋಯ್ತು. ನಂದೂ ಹೋಯ್ತು.”

“ನಿಂದೇನು ಹೋಯ್ತಯ್ಯಾ?” ಎಂದರು ಅಪ್ಪ, ನಿಜಕ್ಕೂ ತಿಳಿಯದೆ.

“ಹೆಸರು ಭಾವ, ಹೆಸರು!”

ಬೀದಿಯಲ್ಲಿ ಅವರ ಹೊಸ ಕಾರು ನಿಂತಿತ್ತು. ಅಮ್ಮ ತಮ್ಮನಿಗೆ ಚಹಾ ಕೊಟ್ಟು, “ನಮ್ಮ ಹಣೆಬರಹಕ್ಕೆ ಅವನೇನು ಮಾಡ್ತಾನೆ?” ಎಂದರು. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದದ್ದು ಮುಂದಕ್ಕೆ ಹೋಗಿ, ಇನ್ನೂ ಮುಂದಕ್ಕೆ ಹೋಗಿ, ಕಡೆಗೆ ಯಾರೂ ಅದರ ಮಾತೆತ್ತದಂತಾಯಿತು. ಈಗ ಅವರು ಪಾತ್ರೆಗಳನ್ನು ಮುಟ್ಟಿ ಗುರುತು ಹಿಡಿಯುತ್ತಿದ್ದರು. ಅಪ್ಪ ಒಂದು ಅಂಗಡಿ ಸಮುಚ್ಚಯದ ಕಾರು ನಿಲ್ದಾಣದಲ್ಲಿ ಕಾವಲಿಗೆ ಸೇರಿದರು. ಬಾತ ಮಂಡಿಯ ಮೇಲೆ ದಿನವಿಡೀ ನಿಂತು, ಒಳಬರುವ ಕಾರುಗಳಿಗೆ ಸಲಾಮು ಹೊಡೆಯಬೇಕು. ಒಂದು ಸಲ ಬಂದದ್ದು ಮಾವನ ಕಾರೇ. ಅದಕ್ಕೂ ಹೊಡೆದರು.

ಸೀಟಿಯ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸಿಕೊಂಡು ಬದುಕಿದ್ದವರು, ಬಡ್ಡಿ ನಿಂತ ಮೇಲೆ ಮೊದಲು ವಾರಕ್ಕೊಂದು ಸಲ ಸಾಕು ಎಂದರು. ಆಮೇಲೆ ‘ಈಗ ಹುಷಾರಾಗಿದೀನಿ’ ಎಂದು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟರು. ಹುಷಾರಾಗಿಲ್ಲವೆಂದು ಮನೆಯವರಿಗೆ ತಿಳಿಯುವ ಹೊತ್ತಿಗೆ ಬಹಳ ತಡವಾಗಿತ್ತು. ಕಡೆಯ ಸಲ ಮುಖ ನೋಡಲು ಹೋದ ಅಪ್ಪನ ಮುಂದೆ ಅವರ ಹೆಂಡತಿ ಅಳಲಿಲ್ಲ, ಬಯ್ಯಲಿಲ್ಲ. “ನೀವು ಹಾಕಿದೀರ ಅಂತಲ್ವಾ ಅಣ್ಣ, ಇವರೂ ಹಾಕಿದ್ದು,” ಎಂದರು ಅಷ್ಟೆ. ಅಪ್ಪ ಅಂದಿನಿಂದ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತ ಕೂರುವರು.

ಆ ಸಾವಾದ ಮೇಲೆ ಬಳಕೆದಾರರ ಸಂಘದ ಹೆಂಗಸೊಬ್ಬರು ಮನೆಗೆ ಬಂದರು. ನರೆಗೂದಲು, ಸವೆದ ಚಪ್ಪಲಿ, ಒರಟು ಮಾತು. ಡಿಪೋದ ನಿವೃತ್ತರೆಲ್ಲರ ಪರವಾಗಿ ಹಣಕಾಸು ನಿಯಂತ್ರಣ ಮಂಡಳಿಗೆ ದೂರು ಕೊಡಿಸಿದ್ದು ಅವರೇ. ಮಂಡಳಿ ಅಪ್ಪನದನ್ನು ಮೊದಲ ಪ್ರಕರಣವಾಗಿ ಕೈಗೆತ್ತಿಕೊಂಡಿತ್ತು; ಅದರಲ್ಲಿ ಏನಾಗುವುದೋ ಉಳಿದವರದ್ದೂ ಅದೇ.

“ತವರಿನವನನ್ನ ಕಟಕಟೆಗೆ ಎಳೆಯೋದಾ?” ಎಂದರು ಅಮ್ಮ. “ನೆಂಟಸ್ತಿಕೆ ಇದ್ದ ಕಡೆ ನಂಬಿಕೆ ಬೇಡ್ವೇನ್ರೀ?”

“ಇರಲಿ ಕಣ್ರೀ, ಯಾರು ಬೇಡ ಅಂದ್ರು? ಆ ನಂಬಿಕೆಗೆ ಕಮಿಷನ್ ಎಷ್ಟು ಅನ್ನೋದೂ ನಿಮಗೆ ಗೊತ್ತಿರಲಿ. ಮಾರೋನು ಅದನ್ನ ಮೊದಲೇ ಬಾಯಿಬಿಟ್ಟು ಹೇಳ್ಬೇಕು ಅಂತ ಕಾನೂನು ಬರ್ಲಿ. ವಿಚಾರಿಸೋ ಫೋನು ಮಾರಿದವನ ಅಂಗಡಿಯಿಂದ ಬರೋದು ನಿಲ್ಲಲಿ. ನಿವೃತ್ತಿ ದುಡ್ಡು ಹಾಕಿದವರಿಗೆ ಮನಸ್ಸು ಬದಲಾಯಿಸಿ ವಾಪಸ್ ತಗೊಳ್ಳೋಕೆ ಒಂದಿಷ್ಟು ಕಾಲ ಸಿಗಲಿ. ನಿಮ್ಮ ತಮ್ಮ ಇವತ್ತು ಹೋದ್ರೆ ನಾಳೆ ಇನ್ನೊಬ್ಬರ ತಮ್ಮ ಬರ್ತಾನೆ. ಬೇಲಿ ಸರಿಯಾಗಬೇಕು.”

“ಮನೆ ಗಂಡಸು ಹೌದು ಅಂದ ಮೇಲೆ ಮುಗೀತಲ್ಲ?”

“ಕಂಪನಿಯವರೂ ಅದನ್ನೇ ಅಂತಾರೆ. ರೆಕಾರ್ಡಿನಲ್ಲಿ ಬರೀ ಹೌದು ಇದೆ. ಅದಕ್ಕಿಂತ ಮುಂಚೆ ತಾಲೀಮು ಮಾಡಿಸ್ತಾರೆ ಅಂತ ಹೂಡಿದವರೆಲ್ಲ ಹೇಳ್ತಿದಾರೆ. ಅವರ ಮಾತು ಯಾರು ಕೇಳ್ತಾರೆ? ಆ ಕಡೆ ಕೂತು ಕೇಳಿದವರು ಒಬ್ಬರು ಬಾಯಿ ಬಿಡಬೇಕು.” ಹೇಳಿ ಅವರು ಇವಳ ಕಡೆ ನೋಡಲೂ ಇಲ್ಲ, ನೋಡದೆಯೂ ಇರಲಿಲ್ಲ. “ಬಾಯಿ ಬಿಟ್ರೆ ದುಡ್ಡು ಬಂದೇ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ. ಕೆಲಸ ಹೋಗೋದಂತೂ ಖಂಡಿತ.”

ಅವರು ಹೋದ ಮೇಲೆ ಅಪ್ಪ ಮೆಟ್ಟಿಲ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಅವಳು ಎಣ್ಣೆ ಬಟ್ಟಲು ತಂದಿಟ್ಟಳು.

“ಪುಟ್ಟಿ, ಅವತ್ತು ಫೋನು ಮಾಡಿದ್ದು ನೀನು ಅಂತ ನಂಗೆ ಗೊತ್ತಿತ್ತು.”

ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

“ಟೈರಿನ ಹೊಟ್ಟೆ ಸದ್ದು ತಿಳಿಯೋನಿಗೆ ಮಗಳ ದನಿ ತಿಳಿಯಲ್ವೇನೇ? ‘ನಮಸ್ಕಾರ’ ಅನ್ನೋಷ್ಟರಲ್ಲೇ ತಿಳೀತು.”

“ಮತ್ತೆ ಮೇಡಂ ಅಂದಿದ್ದು?”

“ನಿನ್ನ ಕೆಲಸದ ಜಾಗ ಅಲ್ವಾ. ಅಲ್ಲಿ ಪುಟ್ಟಿ ಅಂದ್ರೆ ನಿನಗೆ ಮರ್ಯಾದೆಯಾ?” ಅಪ್ಪ ನಕ್ಕರು. ಆ ನಗು ನೋಡಲಾಗುತ್ತಿರಲಿಲ್ಲ. “ಹೋಗತ್ತೆ ಅಂದ ಕೂಡಲೇ ಒಂದು ಗಳಿಗೆ ಎದೆ ಝಲ್ ಅಂತು. ಆಮೇಲೆ ನೀನೇ ಹೌದು ಅಂದ್ರೆ ಸಾಕು ಅಂದ್ಯಲ್ಲ. ಮಗಳೇ ಹೇಳಿದ ಮೇಲೆ ಇನ್ನೇನು ಅಂತ...” ಬೆರಳನ್ನು ಎಣ್ಣೆಗೆ ಅದ್ದಿ ಮಂಡಿಗೆ ಹಚ್ಚಿಕೊಂಡರು. “ಹೋಗಲಿ ಬಿಡು. ನಾಡಿದ್ದು ವಿಚಾರಣೆಗೆ ನೀನೂ ಬಾ, ಒಬ್ಬನೇ ಆದ್ರೆ ನನಗೆ ಧೈರ್ಯ ಸಾಲದು. ಕೂತಿರು, ಬಾಯಿ ಬಿಡಬೇಡ. ನಿನ್ನ ಸಂಬಳವೂ ನಿಂತ್ರೆ ಅಮ್ಮನ ಕಣ್ಣು ಅಷ್ಟೇ. ನನಗೆ ಅರ್ಥ ಆಗಿತ್ತು ಅಂತ ನಾನೇ ಒಪ್ಕೋತೀನಿ.”

ವಿಚಾರಣೆಯ ಕೋಣೆ ಚಿಕ್ಕದು. ಉದ್ದನೆಯ ಮೇಜು, ಅದರ ತಲೆಗೆ ಮಂಡಳಿಯ ಅಧಿಕಾರಿ, ಒಂದು ಪಕ್ಕದಲ್ಲಿ ಕಂಪನಿಯ ವಕೀಲ, ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿಯ ಮಾವ. ಈ ಪಕ್ಕದಲ್ಲಿ ಅಪ್ಪ, ಸಂಘದ ಹೆಂಗಸು, ಗೋಡೆ ಬದಿಯ ಕುರ್ಚಿಯಲ್ಲಿ ಅವಳು. ಕಾವಲಿನ ಕೆಲಸದಿಂದ ನೇರ ಬಂದ ಅಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟು ತಿರುಗಿಸುತ್ತಿದ್ದರು.

ವಕೀಲರು ರೆಕಾರ್ಡ್ ಹಾಕಿದರು. ಒಂದು ಮೆಲುದನಿ ಕೇಳುತ್ತಿತ್ತು, ಒಂದು ಮುದಿದನಿ ಹೌದು ಹೌದು ಎನ್ನುತ್ತಿತ್ತು. ಪೂರ್ತಿ ಹೋಗಲೂಬಹುದು ಎಂದು ತಿಳಿಸಲಾಗಿದೆಯೇ? ಹೌದು ಮೇಡಂ. ತಡವರಿಕೆಯಿಲ್ಲ.

“ಎಷ್ಟು ಸ್ಪಷ್ಟವಾಗಿದೆ ನೋಡಿ ಸ್ವಾಮಿ,” ಎಂದರು ವಕೀಲರು. “ಕಾನೂನು ಹೇಳಿದ್ದನ್ನೆಲ್ಲ ನಾವು ಮಾಡಿದೀವಿ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯನಲ್ಲ. ಕಾನೂನು ಕೊಟ್ಟ ಕಣ್ಣಿಗೆ ಕಂಡದ್ದಷ್ಟನ್ನೇ ನೋಡಬೇಕಾದವರು. “ಯಜಮಾನರೇ, ಇದು ನಿಮ್ಮದೇ ದನಿ ತಾನೇ?”

“ಹೌದು,” ಎಂದರು ಅಪ್ಪ.

“ಅರ್ಥವಾಗಿಯೇ ಉತ್ತರಿಸಿದ್ರಾ?”

ಟೋಪಿ ನಿಂತಿತು. ಅಪ್ಪ ಹಿಂತಿರುಗಿ ನೋಡಲಿಲ್ಲ. ಇನ್ನೊಂದು ಹೌದು. ಅದೂ ಬಿದ್ದರೆ ಅಪ್ಪನದಷ್ಟೇ ಅಲ್ಲ, ಡಿಪೋದವರೆಲ್ಲರದ್ದೂ ಮುಗಿದಂತೆ. ಸೀಟಿಯ ಹೆಂಡತಿಯದೂ.

“ಹೌ...”

“ಇಲ್ಲ.”

ಎಲ್ಲರೂ ಗೋಡೆಯ ಕಡೆ ತಿರುಗಿದರು. ಅವಳು ಎದ್ದು ನಿಂತಿದ್ದಳು. ಮಾವ “ಏಯ್ ಪುಟ್ಟಿ, ಕೂತ್ಕೋ,” ಎಂದರು. ಅಧಿಕಾರಿ “ನೀವು ಯಾರಮ್ಮಾ?” ಎಂದರು.

“ಆ ಫೋನು ಮಾಡಿದವಳು. ಇವರ ಮಗಳು. ರೆಕಾರ್ಡಿನ ಗುಂಡಿ ಒತ್ತೋಕೆ ಮುಂಚೆ ನಮ್ಮಪ್ಪ, ದುಡ್ಡು ಹೋಗೋದು ಅಂದ್ರೆ ಏನು ಅಂತ ನನ್ನ ಕೇಳಿದ್ರು. ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ.”